ರೆಸಿಡೆಂಟ್ ಈವಿಲ್ 2 ಹಾರರ್ ಗೇಮ್ ಆಫರ್‌ನಲ್ಲಿ ತಗೊಳ್ಳೋರು ಸ್ವಲ್ಪ ಓದ್ಕೊಳಿ

ಗುರೂ, ಸ್ಟೀಮ್ (ಪಿಸಿ ಗೇಮ್ ಮಾರೋ ಆನ್‌ಲೈನ್ ಅಂಗಡಿ) ಸೇಲಲ್ಲಿ ರೇಟ್ ಇಳಿದಾಗೆಲ್ಲ ನಮ್ ಹುಡುಗ್ರು 2019ರ ರೀಮೇಕ್ ತಗೊಂಡು "ಹಳೇ ಪಿಸಿಲಿ ಎಳೀತಿದೆ" ಅಂತ ಗೋಳಾಡ್ತಾರೆ. 2022ರಲ್ಲಿ ರೇ ಟ್ರೇಸಿಂಗ್ (ಬೆಳಕು-ನೆರಳು ನಿಜದ ಥರ ತೋರ್ಸೋದು) ಅಪ್ಡೇಟ್ ಬಂದ್ಮೇಲೆ ಗೇಮ್ ಭಾರ ಆಗಿದೆ ಅಷ್ಟೇ, ಲೈಬ್ರರಿಲಿ ಗೇಮ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ ಬೀಟಾಸ್‌ನಲ್ಲಿ ಡಿಎಕ್ಸ್ 11 ಅಂತ ಇರೋದನ್ನ ಆರಿಸಿದ್ರೆ ಹಳೇ ವರ್ಷನ್ನೇ ಇಳಿಯತ್ತೆ. ಆದ್ರೂ ಸರಿ ಹೋಗ್ಲಿಲ್ವಾ, ತಗೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಮ್ಮಿ ಇದ್ರೆ ರೀಫಂಡ್ ಕೇಳಿ. ಮೆನು ನೋಡ್ತಾ ಕೂತಿದ್ದೂ ಲೆಕ್ಕಕ್ಕೆ ಬರತ್ತೆ, ಹುಷಾರು.

ಇನ್ನೊಂದು, ಶುರುಗೇ ಹಾರ್ಡ್‌ಕೋರ್ ಅನ್ನೋ ಕಷ್ಟದ ಮೋಡ್ ಬೇಡ. ಅದ್ರಲ್ಲಿ ಆಟೋಸೇವ್ ಇಲ್ಲ, ಗೇಮ್ ಒಳಗೆ ಸಿಗೋ ಇಂಕ್ ರಿಬ್ಬನ್ ಇದ್ರೇನೇ ಅಲ್ಲಿರೋ ಟೈಪ್‌ರೈಟರಲ್ಲಿ ಸೇವ್ ಆಗೋದು. ನಾನು ರಾಜಾಜಿನಗರದ ರೂಮಲ್ಲಿ ರಾತ್ರಿ ಹನ್ನೊಂದಕ್ಕೆ ಕೂತು, ಗೇಮಲ್ಲಿ ಬೆನ್ನಟ್ಕೊಂಡು ಬರೋ ದೈತ್ಯ ಮಿಸ್ಟರ್ ಎಕ್ಸ್ ಮೇಲ್ಗಡೆ ದಡ್ ದಡ್ ಅಂತ ಓಡಾಡ್ತಿದ್ದಾಗ್ಲೇ ಮಳೆ ಬಂದು ಕರೆಂಟ್ ಹೋಯ್ತು, ಯುಪಿಎಸ್ ಬೇರೆ ಇಲ್ಲ, ಒಂದೂವರೆ ಗಂಟೆ ಆಟ ಹೊಳೆಯಲ್ಲಿ ಹುಣಸೆಹಣ್ಣು!

ಹೆಡ್‌ಫೋನ್ ಹಾಕ್ಕೊಂಡೇ ಆಡಿ, ಮಿಸ್ಟರ್ ಎಕ್ಸ್ ಹೆಜ್ಜೆ ಸದ್ದು ಯಾವ ಕಡೆಯಿಂದ ಬರ್ತಿದೆ ಗೊತ್ತಾಗತ್ತೆ. ಲಿಕ್ಕರ್ ಅನ್ನೋ ಉದ್ದ ನಾಲಿಗೆ ರಾಕ್ಷಸನಿಗೆ ಕಣ್ಣು ಕಾಣಲ್ಲ, ಓಡ್ಬೇಡಿ, ಮೆಲ್ಲಗೆ ನಡ್ಕೊಂಡು ಪಕ್ಕದಲ್ಲೇ ದಾಟ್ಬೋದು.