ಟಾಮ್‌ಕ್ಯಾಟ್ ಹೀಪ್‌ನ ಲೆಕ್ಕ ಸ್ಕ್ರಿಪ್ಟ್‌ಗೇ ಬಿಟ್ಟದ್ದು

ಮಂಡ್ಯದ ಹತ್ತಿರ ಕಬ್ಬಿನ ತೂಕ ದಾಖಲಿಸುವ ಟಾಮ್‌ಕ್ಯಾಟ್ (ಜಾವಾ ವೆಬ್ ಅಪ್ಲಿಕೇಶನ್ ಓಡಿಸುವ ತಂತ್ರಾಂಶ) ಸರ್ವರ್ ಅದು. 8 ಜಿಬಿ ರ‍್ಯಾಮ್, ಪೋಸ್ಟ್‌ಗ್ರೆಸ್ ಡೇಟಾಬೇಸ್ ಕೂಡ ಅದೇ ಯಂತ್ರದಲ್ಲಿ. ಅರೆಯುವ ಹಂಗಾಮಿನಲ್ಲಿ ಎತ್ತಿನಗಾಡಿ, ಟ್ರ್ಯಾಕ್ಟರ್ ಸಾಲುಗಟ್ಟಿದಾಗ ತೂಕದ ಚೀಟಿ ತಡವಾಗುತ್ತಿತ್ತು, ಕೊನೆಗೆ ಲಾಗ್‌ನಲ್ಲಿ ಔಟ್ ಆಫ್ ಮೆಮೊರಿ. ಕಡಿದ ಕಬ್ಬು ಬಿಸಿಲಲ್ಲಿ ನಿಂತಷ್ಟೂ ಒಣಗುತ್ತದೆ. ಆ ನಷ್ಟ ರೈತನದು.

ಜಾವಾ ಪ್ರೋಗ್ರಾಂ ತನ್ನ ಡೇಟಾ ಇಡುವ ಮೆಮೊರಿಯೇ ಹೀಪ್. ಅದರ ಗರಿಷ್ಠ ಮಿತಿ ಹೇಳುವ ಎಕ್ಸ್‌ಎಂಎಕ್ಸ್ ಆಯ್ಕೆ ಕೊಡದಿದ್ದರೆ ಜಾವಾ ಒಟ್ಟು ರ‍್ಯಾಮ್‌ನ ಕಾಲು ಭಾಗವನ್ನೇ ಹೀಪ್‌ನ ಮಿತಿ ಮಾಡಿಕೊಳ್ಳುತ್ತದೆ. ಇಲ್ಲಿ ಅದು 2 ಜಿಬಿಯೂ ಇರಲಿಲ್ಲ. ಹಾಗಂತ 6 ಜಿಬಿ ಕೊಡುವುದು ತಪ್ಪು. ಹೀಪ್ ಅಲ್ಲದೆ ಜಾವಾಕ್ಕೆ ಮೆಟಾಸ್ಪೇಸ್ (ಕ್ಲಾಸ್‌ಗಳ ಮಾಹಿತಿ), ಕೋಡ್ ಕ್ಯಾಶ್ (ಯಂತ್ರಭಾಷೆಗೆ ಬದಲಿಸಿದ ಕೋಡ್), ಪ್ರತಿ ಥ್ರೆಡ್‌ನ ಸ್ಟ್ಯಾಕ್ ಎಂದು ಬೇರೆ ಮೆಮೊರಿಯೂ ಬೇಕು. ಜೊತೆಗೆ ಡೇಟಾಬೇಸ್ ಇದ್ದರೆ ಮೆಮೊರಿ ಸಾಲದೆ ಲಿನಕ್ಸ್ ಕರ್ನಲ್ ಟಾಮ್‌ಕ್ಯಾಟನ್ನೇ ಕೊಂದುಬಿಡಬಹುದು. ಆಗ ಜಾವಾ ಲಾಗ್‌ನಲ್ಲಿ ಸುಳಿವೇ ಸಿಗದು, ಕರ್ನಲ್‌ನ ಸಂದೇಶ ತೋರಿಸುವ ಡಿಮೆಸೇಜ್ ಆಜ್ಞೆ ನೋಡಬೇಕು. ನಾನು ಹೀಪ್‌ಗೆ ಒಟ್ಟು ರ‍್ಯಾಮ್‌ನ 40% ಇಟ್ಟೆ.

ಟಾಮ್‌ಕ್ಯಾಟನ್ನು ಶುರು ಮಾಡುವ ಕ್ಯಾಟಲಿನಾ ಸ್ಕ್ರಿಪ್ಟ್ ಮುಟ್ಟಲಿಲ್ಲ, ಅಪ್‌ಗ್ರೇಡ್ ಆದರೆ ತಿದ್ದಿದ್ದೆಲ್ಲ ಹೋಗುತ್ತದೆ. ಬಿನ್ ಫೋಲ್ಡರ್‌ನಲ್ಲಿ ನಮ್ಮದೇ ಸೆಟ್ಟಿಂಗ್‌ಗಳ ಸೆಟ್‌ಎನ್ವಿ ಫೈಲ್ ಮಾಡಿದರೆ ಸಾಕು, ಕ್ಯಾಟಲಿನಾ ತಾನೇ ಅದನ್ನು ಓದಿಕೊಳ್ಳುತ್ತದೆ. ಲಿನಕ್ಸ್‌ನ ಪ್ರಾಕ್ ಫೋಲ್ಡರ್‌ನ ಮೆಮ್‌ಇನ್ಫೋ ಫೈಲ್‌ನಿಂದ ಒಟ್ಟು ಮೆಮೊರಿ ಹೇಳುವ ಮೆಮ್‌ಟೋಟಲ್ ಸಾಲನ್ನು ಆಕ್ ಆಜ್ಞೆಯಿಂದ ತೆಗೆದೆ. ಅದು ಕಿಲೋಬೈಟ್ ಲೆಕ್ಕ. 1024ರಿಂದ ಭಾಗಿಸಿದರೆ ಎಂಬಿ. ಅದನ್ನು 40ರಿಂದ ಗುಣಿಸಿ ಆಮೇಲೆ 100ರಿಂದ ಭಾಗಿಸಬೇಕು. ಶೆಲ್‌ಗೆ ದಶಮಾಂಶ ಗೊತ್ತಿಲ್ಲ, 40ನ್ನು ಮೊದಲೇ 100ರಿಂದ ಭಾಗಿಸಿದರೆ ಸೊನ್ನೆ ಬರುತ್ತದೆ. ಬಂದ ಸಂಖ್ಯೆಗೆ 'ಎಂ' ಅಕ್ಷರ ಅಂಟಿಸಿ ಎಕ್ಸ್‌ಎಂಎಸ್ (ಶುರುವಿನ ಹೀಪ್), ಎಕ್ಸ್‌ಎಂಎಕ್ಸ್ ಎರಡಕ್ಕೂ ಅದನ್ನೇ ಕೊಟ್ಟೆ. ಹೀಪ್ ಹಿಗ್ಗಿಸಿ ಕುಗ್ಗಿಸುವ ಕೆಲಸ ತಪ್ಪುತ್ತದೆ. ಎಂಬಿ ಲೆಕ್ಕವೇ ಏಕೆಂದರೆ, 4.5ಜಿ ಎಂದು ದಶಮಾಂಶದಲ್ಲಿ ಬರೆದರೆ ಜಾವಾ ಒಪ್ಪುವುದಿಲ್ಲ.

ಈ ಆಯ್ಕೆಗಳನ್ನು ಸೆಟ್‌ಎನ್ವಿಯಲ್ಲಿ ಕ್ಯಾಟಲಿನಾ ಆಪ್ಟ್ಸ್ ಎಂಬ ವೇರಿಯಬಲ್‌ನಲ್ಲೇ ಇಡಿ. ಜಾವಾ ಆಪ್ಟ್ಸ್‌ನಲ್ಲಿ ಇಟ್ಟರೆ ಸರ್ವರ್ ನಿಲ್ಲಿಸಲು ಏಳುವ ಪುಟ್ಟ ಜಾವಾ ಕೂಡ ಅಷ್ಟೇ ಹೀಪ್ ಕೇಳುತ್ತದೆ. ಮೆಮೊರಿ ಇಲ್ಲದ ಹೊತ್ತಲ್ಲಿ ನಿಲ್ಲಿಸಲೂ ಆಗದು.

ವಿಂಡೋಸ್‌ನಲ್ಲಿ ತಿದ್ದಿ ಕಾಪಿ ಮಾಡಿದ ಫೈಲ್ ತುಂಬಾ ಸತಾಯಿಸುತ್ತದೆ. ಸಾಲಿನ ಕೊನೆಯ ಕಾಣದ ಅಕ್ಷರ ಸಂಖ್ಯೆಗೆ ಅಂಟಿಕೊಂಡು 'ಇನ್‌ವ್ಯಾಲಿಡ್ ಮ್ಯಾಕ್ಸಿಮಮ್ ಹೀಪ್ ಸೈಜ್' ಎಂದು ಬರುತ್ತದೆ, ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕ್ಯಾಟ್ ಆಜ್ಞೆಗೆ ಹೈಫನ್ ಮತ್ತು ಇಂಗ್ಲಿಷ್‌ನ ದೊಡ್ಡ 'ಎ' ಸೇರಿಸಿ ನೋಡಿದರೆ ಬಾಲ ಸಿಗುತ್ತದೆ.

ರೀಸ್ಟಾರ್ಟ್ ಆದ ಮೇಲೆ ಓಡುತ್ತಿರುವ ಪ್ರೋಗ್ರಾಂ ತೋರಿಸುವ ಪಿಎಸ್ ಆಜ್ಞೆಯಲ್ಲಿ ಎಕ್ಸ್‌ಎಂಎಕ್ಸ್ ಕಾಣಬೇಕು. ಲಿನಕ್ಸ್‌ನ ಸೇವೆಗಳನ್ನು ಶುರು ಮಾಡುವ ಸಿಸ್ಟಮ್‌ಡಿ ನೇರವಾಗಿ ಜಾವಾ ಓಡಿಸುತ್ತಿದ್ದರೆ ಸೆಟ್‌ಎನ್ವಿಯನ್ನು ಯಾರೂ ಓದಿರುವುದಿಲ್ಲ. ನಂತರ ಜಾವಾದ ಮೆಮೊರಿ ಅಂಕಿಅಂಶ ತೋರಿಸುವ ಜೆಸ್ಟ್ಯಾಟ್‌ನಲ್ಲಿ 'ಓ' ಕಾಲಂ ಗಮನಿಸಿ, ಬಹಳ ಹೊತ್ತು ಉಳಿದ ಡೇಟಾದ ಜಾಗ ಎಷ್ಟು ತುಂಬಿದೆ ಎಂಬುದು ಅದು. ಫುಲ್ ಜಿಸಿ (ಬೇಡದ ಡೇಟಾವನ್ನು ಪೂರ್ತಿ ಗುಡಿಸುವ ಕೆಲಸ) ಆದ ಮೇಲೂ ಅದು ಇಳಿಯದೆ ದಿನದಿನಕ್ಕೆ ಏರಿದರೆ ಲೀಕ್ (ಬೇಡದಿದ್ದರೂ ಬಿಡದ ಮೆಮೊರಿ) ಇದೆ, ಎಷ್ಟು ಹೀಪ್ ಕೊಟ್ಟರೂ ತುಂಬುತ್ತದೆ. ಅದಕ್ಕೇ ಮೆಮೊರಿ ಮುಗಿದಾಗ ಹೀಪ್‌ನಲ್ಲಿದ್ದುದನ್ನೆಲ್ಲ ಫೈಲ್‌ಗೆ ಬರೆಯುವ ಹೀಪ್ ಡಂಪ್ ಆಯ್ಕೆ ಹಾಕಿದ್ದೇನೆ. ಡಂಪ್ ಹೀಪ್‌ನಷ್ಟೇ ದೊಡ್ಡದಾಗಬಹುದು, ಡೇಟಾಬೇಸ್ ಇರುವ ಡಿಸ್ಕ್‌ಗೆ ಅದನ್ನು ಬರೆಸಬೇಡಿ.