ಗರ್ಭಿಣಿಗೆ ಬಿಪಿ ಏರಿದಾಗ ರಕ್ತದ ರಿಪೋರ್ಟ್ ನೋಡುವುದು ಹೇಗೆ

20 ವಾರ ಕಳೆದ ಮೇಲೆ ಬಿಪಿ 140/90 ಮುಟ್ಟಿದೆ, ನಾಲ್ಕು ಗಂಟೆ ಬಿಟ್ಟು ನೋಡಿದರೂ ಇಳಿದಿಲ್ಲ ಅಂದರೆ ಮೂತ್ರದ ಜೊತೆ ರಕ್ತವನ್ನೂ ಪರೀಕ್ಷೆ ಮಾಡಿಸಬೇಕು. ಮೂತ್ರದಲ್ಲಿ ಪ್ರೋಟೀನ್ ಇಲ್ಲವಲ್ಲ ಅಂತ ಸುಮ್ನೆ ಇರಬೇಡಿ. ಪ್ರೋಟೀನ್ ಇಲ್ಲದೆಯೂ ಪ್ರಿಎಕ್ಲಾಂಪ್ಸಿಯಾ (ಬಸುರಿಯಲ್ಲಿ ಬಿಪಿ ಏರಿ ಕಿಡ್ನಿ, ಲಿವರ್‌ಗೂ ತೊಂದರೆ ಕೊಡುವ ಕಾಯಿಲೆ) ಬರುತ್ತದೆ, ಆಗ ಸುಳಿವು ಕೊಡುವುದು ರಕ್ತವೇ.

ದೊಡ್ಡ ಪರೀಕ್ಷೆಗಳೇನೂ ಬೇಡ. ಪ್ಲೇಟ್‌ಲೆಟ್ ಎಣಿಕೆ ಇರುವ ಸಿಬಿಸಿ (ರಕ್ತಕಣಗಳ ಲೆಕ್ಕ), ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್, ಲಿವರ್‌ನ ಎಎಸ್‌ಟಿ ಮತ್ತು ಎಎಲ್‌ಟಿ, ಇಷ್ಟೇ ಮುಖ್ಯ. ಇವಕ್ಕೆ ಉಪವಾಸ ಇರಬೇಕಾಗಿಲ್ಲ.

ಎಡವುವುದು ರಿಪೋರ್ಟ್ ಕೈಗೆ ಬಂದ ಮೇಲೆ. ಅದರ ಪಕ್ಕದಲ್ಲಿ ಅಚ್ಚಾಗಿರುವ 'ನಾರ್ಮಲ್' ಸಾಮಾನ್ಯವಾಗಿ ಗರ್ಭಿಣಿಯರ ಲೆಕ್ಕವಲ್ಲ. ಕ್ರಿಯಾಟಿನಿನ್ 0.9 ಬಂದಿದೆ ಅಂದುಕೊಳ್ಳಿ. ಹಾಳೆಯಲ್ಲಿ ಯಾವ ಗುರುತೂ ಇರುವುದಿಲ್ಲ, ನೋಡಿದವರು ಪಕ್ಕಕ್ಕಿಡುತ್ತಾರೆ. ಆದರೆ ಬಸುರಿಯಲ್ಲಿ ಕಿಡ್ನಿ ಜಾಸ್ತಿ ರಕ್ತ ಸೋಸುವುದರಿಂದ ಅದು 0.4ರಿಂದ 0.8ರ ಒಳಗಿರಬೇಕು, ಹಾಗಾಗಿ 0.9 ಅಂದರೆ ಡಾಕ್ಟರನ್ನು ಕೇಳಲೇಬೇಕು, 1.1 ದಾಟಿದರೆ ಗಂಭೀರ. ಅದೇ ಹಾಳೆಯಲ್ಲಿ ಲಿವರ್ ಪರೀಕ್ಷೆಗಳ ಜೊತೆ ಬರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ದಪ್ಪ ಅಕ್ಷರದಲ್ಲಿ 'ಜಾಸ್ತಿ' ಅಂತ ಕಂಡು ಮನೆಯವರೆಲ್ಲ ಗಾಬರಿಯಾಗುತ್ತಾರೆ. ಕೊನೆಯ ತಿಂಗಳುಗಳಲ್ಲಿ ಮಾಸು ಅದನ್ನು ತಾನೇ ತಯಾರಿಸುತ್ತದೆ, ಅದೊಂದೇ ಏರಿದ್ದರೆ ಹೆದರಬೇಕಿಲ್ಲ.

ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕೆಳಗಿಳಿದರೆ, ಎಎಸ್‌ಟಿ ಅಥವಾ ಎಎಲ್‌ಟಿ ಮೇಲ್ಮಿತಿಯ ಎರಡು ಪಟ್ಟಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇವೆರಡರ ಜೊತೆ ಕೆಂಪು ರಕ್ತಕಣಗಳೂ ಒಡೆಯುತ್ತಿದ್ದರೆ ಅದು ಪ್ರಿಎಕ್ಲಾಂಪ್ಸಿಯಾದ ಗಂಭೀರ ರೂಪವಾದ ಹೆಲ್ಪ್ (HELLP) ಸಿಂಡ್ರೋಮ್, ಕಣ ಒಡೆಯುತ್ತಿದೆಯೇ ಅಂತ ತಿಳಿಯಲು ಎಲ್‌ಡಿಎಚ್ ಎಂಬ ರಕ್ತಪರೀಕ್ಷೆ ನೋಡುತ್ತಾರೆ.

ಒಂದೇ ರಿಪೋರ್ಟ್‌ನಿಂದ ತೀರ್ಮಾನಕ್ಕೆ ಬರಬೇಡಿ, ಹಳೆಯದನ್ನೂ ಪಕ್ಕದಲ್ಲಿಟ್ಟು ನೋಡಿ: ಕಳೆದ ವಾರ 2.2 ಲಕ್ಷ ಇದ್ದ ಪ್ಲೇಟ್‌ಲೆಟ್ ಈಗ 1.5 ಆಗಿದ್ದರೆ ಹಾಳೆ ನಾರ್ಮಲ್ ಅಂದರೂ ಇಳಿಯುತ್ತಿದೆ ಅಂತಲೇ ಅರ್ಥ, ಅಲ್ವಾ? ಅದಕ್ಕೇ ಮೊದಲ ತಿಂಗಳುಗಳ ರಿಪೋರ್ಟ್‌ನಿಂದ ಹಿಡಿದು ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ.

ಬಿಪಿ 160/110 ಆದರೆ, ತಲೆ ಸಿಡಿಯುತ್ತಿದ್ದರೆ, ಕಣ್ಣು ಮಂಜಾದರೆ, ಬಲ ಪಕ್ಕೆಲುಬಿನ ಕೆಳಗೆ ನೋವು ಬಂದರೆ ರಿಪೋರ್ಟ್‌ಗೆ ಕಾಯಬೇಡಿ, ತಕ್ಷಣ ಹೊರಡಿ. ಹೆರಿಗೆಯಾಯಿತು, ಇನ್ನು ಪರೀಕ್ಷೆ ಯಾಕೆ ಅಂತಲೂ ಅನ್ನಬೇಡಿ. ಹೆರಿಗೆಯ ನಂತರದ ಒಂದೆರಡು ದಿನ ಪ್ಲೇಟ್‌ಲೆಟ್ ಇನ್ನೂ ಇಳಿಯಬಹುದು, ಮತ್ತೆ ರಕ್ತ ಕೊಡಿ ಅಂದರೆ ಕೊಡಿ.