ನೀರಿನ ಕೂಲರಿನಲ್ಲಿ ಬಾರ್ಲಿ ಮ್ಯಾಶ್

ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ನಮ್ಮ ಮನೆ. ಗ್ಯಾರೇಜಿನಲ್ಲಿ ಬಿಯರ್ ಮಾಡಲು ಶುರು ಮಾಡಿ ಆರು ವರ್ಷವಾಯಿತು. ಮೊದಲ ಎರಡು ವರ್ಷ ಡಬ್ಬದಲ್ಲಿ ಸಿಗುವ ಮಾಲ್ಟ್ ಪಾಕ ಬಳಸುತ್ತಿದ್ದೆ. ಜೇನುತುಪ್ಪದ ಹಾಗೆ ಗಟ್ಟಿಯಾಗಿರುತ್ತದೆ, ನೀರಿಗೆ ಹಾಕಿ ಕುದಿಸಿದರೆ ಆಯಿತು. ಆದರೆ ಕಾಳಿನಿಂದಲೇ ಮಾಡಬೇಕು ಅನ್ನೋ ಆಸೆ ಬಿಡಲಿಲ್ಲ. ಅದಕ್ಕೆ ಬೇಕಾದ ಸ್ಟೀಲ್ ಪಾತ್ರೆಗಳ ಬೆಲೆ ಕೇಳಿ ನಾನೇ ಮಾಡಿಕೊಳ್ಳೋಣ ಅಂತ ಕೂತೆ.

ಇಲ್ಲಿ ಮನೆಯಲ್ಲಿ ಬಿಯರ್ ಮಾಡಲು ಕಾನೂನಿನ ಅಡ್ಡಿಯಿಲ್ಲ. 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾಯ್ದೆಯ ಪ್ರಕಾರ ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್‌ವರೆಗೆ ತೆರಿಗೆ ಇಲ್ಲ. ಮಾರುವಂತಿಲ್ಲ, ಅಷ್ಟೆ. ನಮ್ಮ ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಇದನ್ನು ಮಾಡುವಂತಿಲ್ಲ. ಊರಿನಲ್ಲಿರುವ ಗೆಳೆಯರು ಇದನ್ನು ಓದಿ ಕೈ ಹಾಕಬೇಡಿ.

ಮ್ಯಾಶ್ ಅಂದರೆ ಏನು ಅಂತ ನನಗೆ ಸರಿಯಾಗಿ ಅರ್ಥ ಮಾಡಿಸಿದ್ದು ಅಮ್ಮ. ಇಲ್ಲಿಗೆ ಬಂದಿದ್ದಾಗ ಗ್ಯಾರೇಜಿಗೆ ಇಣುಕಿ, "ಏನೋ ಇದು, ಮೊಳಕೆ ರಾಗಿ ಹುರಿದ ಹಾಗೆ ವಾಸನೆ ಬರ್ತಿದೆ?" ಅಂದರು. ಅಜ್ಜಿ ರಾಗಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದಮೇಲೆ ಒಣಗಿಸಿ ಹುರಿದು ಬೀಸುತ್ತಿದ್ದರು. ಬಾರ್ಲಿ ಮಾಲ್ಟ್ ಕೂಡ ಅದೇ. ಮೊಳಕೆ ಬರುವಾಗ ಕಾಳಿನೊಳಗೆ ಹಿಟ್ಟನ್ನು ಸಕ್ಕರೆ ಮಾಡುವ ಕಿಣ್ವಗಳು ಹುಟ್ಟುತ್ತವೆ. ಆ ಕಾಳನ್ನು ಒಡೆದು 65ರಿಂದ 68 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟರೆ ಗಂಜಿ ತೆಳ್ಳಗಾಗಿ ಸಿಹಿಯಾಗುತ್ತದೆ. ಇದೇ ಮ್ಯಾಶ್. ಆ ಸಿಹಿ ನೀರಿಗೆ ವರ್ಟ್ ಅಂತಾರೆ. ಅಂದರೆ ಪಾತ್ರೆ ಎರಡೇ ಕೆಲಸ ಮಾಡಬೇಕು: ಒಂದು ಗಂಟೆ ಬಿಸಿ ಹಿಡಿದಿಡಬೇಕು, ಆಮೇಲೆ ಸಿಹಿ ನೀರನ್ನು ಮಾತ್ರ ಬಿಟ್ಟುಕೊಡಬೇಕು.

ಬಿಸಿ ಹಿಡಿಯಲು ಆಟದ ಮೈದಾನದಲ್ಲಿ ಕುಡಿಯುವ ನೀರಿಗೆ ಇಡುವ ದುಂಡನೆಯ ಕೂಲರ್ ತಂದೆ. 38 ಲೀಟರಿನದು, ಬಳಸಿದ್ದೇ ಸಿಕ್ಕಿತು. ತಣ್ಣಗಿಡುವ ಡಬ್ಬ ಬಿಸಿಯನ್ನೂ ಹಿಡಿಯುತ್ತದೆ ಅಲ್ವಾ. ಒಂದು ವಿಷಯ ಗೊತ್ತಿರಲಿ: ನನ್ನ ಕೂಲರಿನ ಮುಚ್ಚಳ ಒಳಗೆ ಬರೀ ಟೊಳ್ಳು. ಬಿಸಿ ಅಲ್ಲಿಂದಲೇ ಹೋಗುತ್ತದೆ. ಮೇಲೊಂದು ಹಳೆ ಕಂಬಳಿ ಹೊದಿಸಿದಮೇಲೆ ಗಂಟೆಗೆ ಒಂದು ಡಿಗ್ರಿಗಿಂತ ಜಾಸ್ತಿ ಇಳಿದಿದ್ದು ನಾನು ನೋಡಿಲ್ಲ.

ಅದಕ್ಕಿದ್ದ ಪ್ಲಾಸ್ಟಿಕ್ ನಲ್ಲಿ ಬಿಚ್ಚಿ, ಅದೇ ತೂತಿಗೆ ಅರ್ಧ ಇಂಚಿನ ಸ್ಟೀಲ್ ಬಾಲ್ ವಾಲ್ವ್ ಕೂರಿಸಿದೆ. ಒಳಗೂ ಹೊರಗೂ ಸಿಲಿಕೋನ್ ವಾಷರ್. ತಣ್ಣೀರು ತುಂಬಿಸಿ ನೋಡಿದಾಗ ಒಂದು ಹನಿ ಸೋರಲಿಲ್ಲ. ಬಿಸಿನೀರು ಹಾಕಿದ ಕೂಡಲೇ ಸೋರಿತು. ಪ್ಲಾಸ್ಟಿಕ್ ಬಿಸಿಗೆ ಮೆತ್ತಗಾಗುತ್ತದೆ, ನಟ್ಟು ಸಡಿಲವಾಗುತ್ತದೆ. ಬಿಸಿನೀರಿನಲ್ಲೇ ಪರೀಕ್ಷೆ ಮಾಡಿ, ಮತ್ತೊಂದು ಸುತ್ತು ಬಿಗಿ ಮಾಡಿ.

ಸೋಸಲು ಸಿಂಕಿನ ಕೆಳಗೆ ಹಾಕುವ, ಹೊರಗೆ ಸ್ಟೀಲ್ ಹೆಣಿಗೆಯಿರುವ ಕನೆಕ್ಷನ್ ಪೈಪ್ ತೆಗೆದುಕೊಂಡೆ. ಇದು ನಾನು ಕಂಡುಹಿಡಿದದ್ದಲ್ಲ. ಪೋರ್ಟ್‌ಲ್ಯಾಂಡ್ ಇರುವ ಇದೇ ಆರೆಗಾನ್ ರಾಜ್ಯದಲ್ಲಿ ಮನೆಯಲ್ಲೇ ಬಿಯರ್ ಮಾಡುವ ಡೆನ್ನಿ ಕಾನ್ ಈ ಅಗ್ಗದ ವಿಧಾನವನ್ನು ಎಲ್ಲೆಡೆ ಹರಡಿದವರು. ಎರಡೂ ತುದಿಯನ್ನು ಹ್ಯಾಕ್ಸಾದಲ್ಲಿ ಕತ್ತರಿಸಿ. ಹೆಣಿಗೆಯನ್ನು ಎರಡೂ ಕಡೆಯಿಂದ ಒತ್ತಿದರೆ ಅದು ಉಬ್ಬುತ್ತದೆ, ಒಳಗಿನ ಕೊಳವೆ ಸಲೀಸಾಗಿ ಜಾರಿ ಬರುತ್ತದೆ. ಉಳಿಯುವುದು ಬರೀ ಹೆಣಿಗೆ, ಹಾವಿನ ಪೊರೆಯಂತೆ. ಅದರ ಒಂದು ತುದಿ ವಾಲ್ವಿಗೆ, ಇನ್ನೊಂದನ್ನು ಮಡಚಿ ಕ್ಲಿಪ್ ಹಾಕಬೇಕು. ಕೊಳ್ಳುವಾಗ ಸರಿಯಾಗಿ ನೋಡಿ, ಸ್ಟೀಲಿನ ಬಣ್ಣದ ಪ್ಲಾಸ್ಟಿಕ್ ಹೆಣಿಗೆಯೂ ಬರುತ್ತದೆ. ನನ್ನದು ಸ್ಟೀಲಿನದಾದರೂ ಕಾಳಿನ ಭಾರಕ್ಕೆ ಚಪ್ಪಟೆಯಾಯಿತು. ದಪ್ಪ ಸ್ಟೀಲ್ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿ ಒಳಗೆ ತೂರಿಸಿದಮೇಲೆ ಸರಿಹೋಯಿತು.

20 ಲೀಟರ್ ಬಿಯರಿಗೆ ನನ್ನ ಲೆಕ್ಕ 5 ಕೆಜಿ ಒಡೆದ ಮಾಲ್ಟ್, 15 ಲೀಟರ್ ನೀರು. ಕಾಳು ಗ್ಯಾರೇಜಿನ 18 ಡಿಗ್ರಿಯಲ್ಲಿದ್ದರೆ, 67 ಡಿಗ್ರಿಯ ಮ್ಯಾಶಿಗೆ ನೀರು 74ರ ಹತ್ತಿರ ಇರಬೇಕು. ಮೊದಲ ಸಲ ಇದನ್ನೇ ಮಾಡಿದೆ, ಥರ್ಮಾಮೀಟರ್ 62 ತೋರಿಸಿತು. ತಣ್ಣಗಿದ್ದ ಕೂಲರ್ ತನ್ನ ಪಾಲಿನ ಬಿಸಿ ಹೀರಿಕೊಂಡಿತ್ತು. ಈಗ ಮೊದಲೇ ನಾಲ್ಕು ಲೀಟರ್ ಕುದಿಯುವ ನೀರು ಸುರಿದು, ಹತ್ತು ನಿಮಿಷ ಮುಚ್ಚಿಟ್ಟು, ಚೆಲ್ಲಿ, ಆಮೇಲೆ ಶುರು ಮಾಡುತ್ತೇನೆ.

ಕಲಕಲು ಅಂಗಡಿಯ ಉದ್ದನೆಯ ಪ್ಲಾಸ್ಟಿಕ್ ಸೌಟು ಇತ್ತು, ಬಾಗುತ್ತಿತ್ತು. ಅಮ್ಮ ಊರಿನಿಂದ ತಂದಿದ್ದ ಮುದ್ದೆ ಕೋಲು ತೆಗೆದುಕೊಟ್ಟರು. ಅವತ್ತಿನಿಂದ ಬೇರೆ ಏನನ್ನೂ ಮುಟ್ಟಿಲ್ಲ. ಒಣ ಹಿಟ್ಟು ಒಳಗೇ ಉಳಿದ ಗಂಟುಗಳು ಕೂಲರಿನ ಗೋಡೆಗೆ ಒತ್ತಿದರೆ ಪಟ್ ಅಂತ ಒಡೆಯುತ್ತವೆ. ಗಂಟು ಉಳಿದರೆ ಅಷ್ಟು ಸಕ್ಕರೆ ಹೋಯಿತು ಅಂತಲೇ ಲೆಕ್ಕ.

ಗಂಟೆಯಾದಮೇಲೆ ಬಿಳಿ ತಟ್ಟೆಯ ಮೇಲೆ ಒಂದು ಚಮಚ ವರ್ಟ್ ಹಾಕಿ, ಒಂದು ತೊಟ್ಟು ಟಿಂಚರ್ ಅಯೋಡಿನ್ ಬಿಡುತ್ತೇನೆ. ಕಪ್ಪು ನೀಲಿಯಾದರೆ ಹಿಟ್ಟು ಇನ್ನೂ ಉಳಿದಿದೆ. ಕಂದಾಗಿಯೇ ಇದ್ದರೆ ಮುಗಿಯಿತು. ಆ ತಟ್ಟೆಯದನ್ನು ಚೆಲ್ಲಿಬಿಡಿ.

ಮೊದಲು ಬರುವ ಒಂದೆರಡು ಲೀಟರ್ ಕದಡಾಗಿರುತ್ತದೆ. ಅದನ್ನು ಮೆಲ್ಲಗೆ ಮತ್ತೆ ಮೇಲೆ ಸುರಿಯಬೇಕು. ನೋಡ್ತಾ ನೋಡ್ತಾ ತಿಳಿಯಾಗುತ್ತದೆ. ಯಾಕೆ ಗೊತ್ತಾ? ಸ್ಟೀಲ್ ಹೆಣಿಗೆ ಕಾಳಿನ ಸಿಪ್ಪೆಯನ್ನು ತಡೆಯುತ್ತದೆ. ಹಾಗೆ ತಳದಲ್ಲಿ ಕೂತ ಸಿಪ್ಪೆಯೇ ನಿಜವಾದ ಜರಡಿ. ನನಗಿದು ಗೊತ್ತಾಗಿದ್ದು ಗೋಧಿ ಬಿಯರ್ ಮಾಡಿದ ದಿನ. ಅರ್ಧಕ್ಕರ್ಧ ಗೋಧಿ ಮಾಲ್ಟ್ ಹಾಕಿದ್ದೆ. ಗೋಧಿಗೆ ಸಿಪ್ಪೆ ಇಲ್ಲ. ನಾಲ್ಕು ಲೀಟರ್ ಬಂದು ನಲ್ಲಿ ನಿಂತೇ ಹೋಯಿತು. ಒಳಗೆ ಅಂಟಿನಂಥ ರಾಡಿ. ಬಿಸಿನೀರು ಹಾಕಿ, ಕಲಕಿ, ಕಾಯ್ದು, ಮತ್ತೆ ಕಲಕಿ, ಸೋಸಿ ಮುಗಿಸುವಾಗ ರಾತ್ರಿ ಹನ್ನೊಂದು. ಈಗ ಗೋಧಿ ಹಾಕಿದರೆ ಜೊತೆಗೆ ಕಾಲು ಕೆಜಿ ಭತ್ತದ ಹೊಟ್ಟು ತೊಳೆದು ಬೆರೆಸುತ್ತೇನೆ. ಬಿಯರ್ ಸಾಮಾನಿನ ಅಂಗಡಿಯಲ್ಲಿ ಪ್ಯಾಕೆಟ್ ಸಿಗುತ್ತದೆ. ಗಿರಣಿಯ ಉರುಳೆಗಳ ನಡುವೆ ಒಂದು ಮಿಲಿಮೀಟರ್ ಸಂದು ಇಟ್ಟುಕೊಳ್ಳುವುದೂ ಇದಕ್ಕೇ: ಕಾಳು ಒಡೆಯಬೇಕು, ಸಿಪ್ಪೆ ಪುಡಿಯಾಗಬಾರದು.

ಕಾಳು ಸುಮಾರು 5 ಲೀಟರ್ ಕುಡಿದು, 10 ಲೀಟರ್ ವರ್ಟ್ ಕೊಡುತ್ತದೆ. ಇನ್ನೊಂದು 15 ಲೀಟರ್ ಬಿಸಿನೀರು ಹಾಕಿ, ಕಲಕಿ, ಮತ್ತೊಮ್ಮೆ ಬಸಿಯುತ್ತೇನೆ. ಕುದಿಸಲು 25 ಲೀಟರ್ ಸಿಕ್ಕಿತು. ಉಳಿದ ಬೂಸಾ ಪಕ್ಕದ ಮನೆಯ ಕೋಳಿಗಳಿಗೆ.

ಈ ಶನಿವಾರ ಮೊದಲ ಸಲ ರಾಗಿ ಹಾಕುತ್ತಿದ್ದೇನೆ, ಅರ್ಧ ಕೆಜಿ. 67 ಡಿಗ್ರಿಯಲ್ಲಿ ಅದು ಸರಿಯಾಗಿ ಬೇಯುವುದಿಲ್ಲ. ಹಾಗಾಗಿ ಬೇರೆ ಪಾತ್ರೆಯಲ್ಲಿ ಅಂಬಲಿ ಕಾಯಿಸಿ, ಸ್ವಲ್ಪ ಆರಿಸಿ, ಬಾರ್ಲಿಗೆ ಸೇರಿಸಬೇಕು. ಹೊಟ್ಟು ತೊಳೆದು ಇಟ್ಟಾಗಿದೆ. ಅಂಬಲಿ ಎಷ್ಟು ತೆಳ್ಳಗಿರಬೇಕು ಅಂತ ಅಮ್ಮನಿಗೆ ಫೋನ್ ಮಾಡಿ ಕೇಳಬೇಕು.